ಅಗ್ಗದ ಊರಿಗೆ ಹೋಗಿ ಬಂದ ಮೇಲೆ

ಎಲ್ಲಾದರೂ ಹೋಗಿ ಬಂದರೆ ನಮ್ಮ ಆಫೀಸಿನಲ್ಲಿ ಮೊದಲು ಕೇಳುವುದು "ಹೇಗಿತ್ತು?" ಅಂತ ಅಲ್ಲ, "ಎಷ್ಟಾಯ್ತು?" ಅಂತ. ಮೊತ್ತ ಕಡಿಮೆ ಇದ್ದಷ್ಟೂ ಹೇಳುವವನ ಗತ್ತು ಜಾಸ್ತಿ. ಒಬ್ಬ ಐದು ಸಾವಿರದಲ್ಲಿ ಗೋಕರ್ಣ ಮುಗಿಸಿದೆ ಅಂದರೆ ಇನ್ನೊಬ್ಬ ಮೂರು ಸಾವಿರದಲ್ಲಿ ಹಂಪಿ ಮುಗಿಸಿರುತ್ತಾನೆ. ಸ್ಲೀಪರ್ ಕೋಚು, ಡಾರ್ಮಿಟರಿ ಮಂಚ, ದಾರಿಬದಿ ಊಟ, ಎಲ್ಲಕ್ಕೂ ಲೆಕ್ಕ ಸಿದ್ಧ ಇರುತ್ತದೆ. ಚಳಿಗಾಲದಲ್ಲಿ ಕೋಲ್ಕತ್ತಾಗೆ ಹೋಗಿ ಬಂದಾಗ ಈ ಪಂದ್ಯದಲ್ಲಿ ನಾನೇ ಗೆದ್ದೆ. ಹೊಳೆ ದಾಟೋದಕ್ಕೆ ಹತ್ತು ರೂಪಾಯಿ ಒಳಗೆ, ಟ್ರಾಮಿಗೆ ಆರೇಳು ರೂಪಾಯಿ, ಹೊಳೆಯ ಕೆಳಗೆ ಹೋಗುವ ಮೆಟ್ರೋಗೆ ಹತ್ತು ರೂಪಾಯಿ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. "ಗುರು, ಅಷ್ಟು ದುಡ್ಡಲ್ಲಿ ಇಲ್ಲಿ ಆಟೋ ಮೀಟರೂ ಬೀಳಲ್ಲ" ಅಂದ ಪಕ್ಕದ ಟೇಬಲ್ಲಿನವನು.

ಗೆದ್ದ ಖುಷಿ ಸಂಜೆವರೆಗೂ ಉಳಿಯಲಿಲ್ಲ. ಯಾಕೆ ಅಂದರೆ ನಾನು ಈ ಪ್ರವಾಸ ಮಾಡಿದ್ದು ಮಾವನ ಜೊತೆ. ಮಾವ ಅಂದರೆ ಅಮ್ಮನ ತಮ್ಮ. ಪಾಂಡವಪುರದವರು. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು. ಅವರಿಗೆ ಯಾವ ಊರಿನಲ್ಲೂ ಮೊದಲು ಕಣ್ಣಿಗೆ ಬೀಳುವುದು ಗುಡಿ, ಗೋಪುರ ಅಲ್ಲ, ಟಿಕೆಟ್ಟು. ಎಷ್ಟು ದೂರಕ್ಕೆ ಎಷ್ಟು, ಸ್ಟೇಜು ಎಲ್ಲಿ ಬದಲಾಗುತ್ತದೆ, ಚಿಲ್ಲರೆ ಸರಿಯಾಗಿ ಕೊಡುತ್ತಾರಾ, ಇದೆಲ್ಲ. ಅಗ್ಗದ ಟಿಕೆಟ್ ಕಂಡರೆ ನಾನು ಹಿಗ್ಗುತ್ತೇನೆ. ಮಾವ ಅದನ್ನು ಅನುಮಾನದಿಂದ ತಿರುಗಿಸಿ ನೋಡುತ್ತಾರೆ. "ಇದ್ರಲ್ಲಿ ಗಾಡಿ ಹೆಂಗೆ ಓಡುತ್ತೆ?" ಅನ್ನುವುದು ಅವರ ಮಾಮೂಲಿ ಮಾತು. ಕೋಲ್ಕತ್ತಾದಲ್ಲಿ ಆ ಮಾತನ್ನು ಅವರು ಅದೆಷ್ಟು ಸಲ ಅಂದರೋ. ಊರಿಗೆ ಬಂದ ಮೇಲೂ ಅದು ನನ್ನ ಕಿವಿಯಿಂದ ಹೋಗಿಲ್ಲ.

ಟಿಕೆಟ್ಟಿನ ಹಿಂದೆ

ಹೌರಾ ಸ್ಟೇಷನ್ ಹೊರಗೆ ಹಳದಿ ಟ್ಯಾಕ್ಸಿಗಳು ಸಾಲಾಗಿ ನಿಂತಿರುತ್ತವೆ. ಹೊಸಬರು ಸೀದಾ ಅದರೊಳಗೆ ಹೋಗಿ ಕೂರುತ್ತಾರೆ. ದುಡ್ಡು ಉಳಿಸಬೇಕು ಅನ್ನುವವರು ಎದುರಿನ ಫೆರಿ ಘಾಟಿಗೆ ನಡೆಯಬೇಕು. ರಸ್ತೆ ದಾಟಿದರೆ ಹೂಗ್ಲಿ ನದಿ, ಬೋಟು ಬರುತ್ತಲೇ ಇರುತ್ತದೆ. ಎಡಕ್ಕೆ ಹೌರಾ ಸೇತುವೆ ಇಡೀ ಆಕಾಶಕ್ಕೆ ಅಡ್ಡ ಹಾಕಿದಂತೆ ಕಾಣುತ್ತದೆ. 26,500 ಟನ್ ಉಕ್ಕು, ಒಂದೂ ನಟ್ಟು ಬೋಲ್ಟು ಇಲ್ಲ, ಎಲ್ಲ ರಿವೆಟ್. ಹೊಳೆ ನಡುವೆ ಒಂದು ಕಂಬವೂ ಇಲ್ಲ. ಅದನ್ನು ಜನರಿಗೆ ಬಿಟ್ಟುಕೊಟ್ಟಿದ್ದು 1943ರ ಫೆಬ್ರುವರಿಯಲ್ಲಿ. ಜಪಾನಿನವರು ಬಾಂಬ್ ಹಾಕುವ ಭಯ ಇತ್ತು. ಹಾಗಾಗಿ ಉದ್ಘಾಟನೆ, ಭಾಷಣ ಏನೂ ಇಲ್ಲ. ಮೊದಲು ದಾಟಿದ್ದು ಒಂದೇ ಒಂದು ಟ್ರಾಮ್ ಅಂತೆ. ಅದೇ ವರ್ಷ ಬಂಗಾಳದಲ್ಲಿ ಕ್ಷಾಮ. ಲಕ್ಷಾಂತರ ಜನ ಅನ್ನ ಇಲ್ಲದೆ ಸತ್ತರು. ಹಳ್ಳಿಗಳಿಂದ ಅನ್ನ ಹುಡುಕಿಕೊಂಡು ಬಂದವರು ಇದೇ ಊರಿನ ಫುಟ್‌ಪಾತ್ ಮೇಲೆ ಬಿದ್ದಿದ್ದರು. ಇಷ್ಟು ಉಕ್ಕಿಗೆ ದುಡ್ಡಿತ್ತು, ಅಕ್ಕಿಗೆ ಇರಲಿಲ್ಲ. ಬೋಟಿನಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುವಾಗ ಇದು ನೆನಪಾಗಬಾರದಿತ್ತು, ಆದರೆ ಆಯಿತು.

ಟ್ರಾಮ್ ಹತ್ತಬೇಕು ಅನ್ನುವುದು ನನ್ನ ಹಟ. ದೇಶದಲ್ಲಿ ಟ್ರಾಮ್ ಉಳಿದಿರುವುದು ಇದೊಂದೇ ಊರಿನಲ್ಲಿ. 1873ರಲ್ಲಿ ಕುದುರೆ ಎಳೆಯುವ ಟ್ರಾಮ್ ಶುರುವಾಯಿತು, 1902ರಲ್ಲಿ ಕರೆಂಟಿನದು ಬಂತು. ಹತ್ತಾರು ಮಾರ್ಗ ಇದ್ದಿದ್ದು ಈಗ ಬೆರಳೆಣಿಕೆಗೆ ಇಳಿದಿದೆ. 2024ರಲ್ಲಿ ರಾಜ್ಯ ಸರ್ಕಾರ, ಊರ ನಡುವೆ ಮೈದಾನ್ ಅಂತ ಕರೆಯುವ ದೊಡ್ಡ ಬಯಲಿನ ಕಡೆಯ ಒಂದು ಚಿಕ್ಕ ಮಾರ್ಗ ಬಿಟ್ಟು ಉಳಿದಿದ್ದನ್ನೆಲ್ಲ ನಿಲ್ಲಿಸುವುದಾಗಿ ಹೇಳಿತು. ಟ್ರಾಫಿಕ್ ಜಾಮ್ ಆಗುತ್ತದೆ ಅನ್ನುವುದು ಕಾರಣ. ಜಾಮ್ ಮಾಡುವ ಕಾರುಗಳನ್ನು ಯಾರೂ ನಿಲ್ಲಿಸುವುದಿಲ್ಲ ನೋಡಿ. ನಾವು ಹತ್ತಿದ್ದು ಶ್ಯಾಮ್‌ಬಜಾರ್‌ನಿಂದ ಎಸ್ಪ್ಲನೇಡ್‌ಗೆ ಹೋಗುವ ಟ್ರಾಮು. ಐದು ರಸ್ತೆ ಸೇರುವ ಕಡೆ ಕುದುರೆ ಮೇಲೆ ಕೂತ ನೇತಾಜಿ, ಅಲ್ಲಿಂದ ಹಾತಿಬಗಾನ್, ಆಮೇಲೆ ಕಾಲೇಜ್ ಸ್ಟ್ರೀಟ್‌ನ ಪುಸ್ತಕದಂಗಡಿಗಳ ಉದ್ದ ಸಾಲು. ಟ್ರಾಮು ನಿಧಾನ. ನಡೆಯುವವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಹಳಿ ಮೇಲೆ ಗಾಡಿ ನಿಲ್ಲಿಸಿಕೊಂಡು ಹಣ್ಣು ಮಾರುವವನು ಟಣ್ ಟಣ್ ಗಂಟೆ ಕೇಳಿ, ನೆಂಟರು ಬಂದಾಗ ಎದ್ದು ಜಾಗ ಬಿಡುವ ಹಾಗೆ ಆರಾಮಾಗಿ ಪಕ್ಕಕ್ಕೆ ಸರಿದ. ಸುಮ್ನೆ ಕಿಟಕಿಗೆ ಮೊಣಕೈ ಊರಿ ಕೂತರೆ ಅಂಗಡಿ ಬೋರ್ಡುಗಳನ್ನು ಒಂದೊಂದಾಗಿ ಓದಬಹುದು. ಬಂಗಾಳಿ ಬರದಿದ್ದವರಿಗೂ ದಾರಿ ಮುಗಿಯುವಷ್ಟರಲ್ಲಿ ನಾಲ್ಕು ಅಕ್ಷರ ಗುರುತು ಸಿಗುತ್ತವೆ.

ಮಾವ ಕಿಟಕಿ ಕಡೆ ನೋಡಲೇ ಇಲ್ಲ. ಅವರ ಕಣ್ಣೆಲ್ಲ ಕಂಡಕ್ಟರ್ ಮೇಲೆ. ವಯಸ್ಸಾದ ಮನುಷ್ಯ, ಖಾಕಿ ಅಂಗಿ, ಕೈಯಲ್ಲಿ ತೆಳ್ಳನೆ ಟಿಕೆಟ್ ಕಟ್ಟು, ಬೆರಳ ಸಂದಿಯಲ್ಲಿ ಉದ್ದುದ್ದ ಮಡಿಸಿದ ನೋಟು. ನಮ್ಮ ಕಡೆ ಮೆಷಿನ್ ಬಂದು ಎಷ್ಟೋ ವರ್ಷ ಆಯಿತು. ಇಲ್ಲಿ ಇನ್ನೂ ಹರಿದು ಕೊಡುವ ಚೀಟಿ. ಮಾವನಿಗೆ ತಡೆಯಲಾಗಲಿಲ್ಲ. ತಮ್ಮ ಅರೆಬರೆ ಹಿಂದಿಯಲ್ಲಿ "ದಾದಾ, ಹಮ್ ಭೀ ಕಂಡಕ್ಟರ್. ಕರ್ನಾಟಕ" ಅಂದರು. ಟಿಕೆಟ್ ಹರಿಯುವ ಹಾಗೆ ಕೈ ಆಡಿಸಿ ತೋರಿಸಿದರು. ಆ ಮನುಷ್ಯನ ಮುಖ ಅರಳಿತು. ಪಕ್ಕದಲ್ಲಿ ಬಂದು ಕೂತರು. ಆಮೇಲೆ ಅವರಿಬ್ಬರ ನಡುವೆ ನಡೆದ ಮಾತಿನಲ್ಲಿ ಭಾಷೆಗಿಂತ ಕೈಸನ್ನೆ ಜಾಸ್ತಿ ಇತ್ತು. ಚಿಲ್ಲರೆ ತಾಪತ್ರಯ, ಚೆಕಿಂಗಿನವರು, ನಿಂತು ನಿಂತು ಊದುವ ಕಾಲು, ಪೆನ್ಷನ್. ನಮ್ಮಲ್ಲಿ ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತೇವೆ ಅಂತ ಮಾವ ಹೇಳಿದಾಗ ಅವರು ನಕ್ಕು ತಲೆ ಆಡಿಸಿದರು. ಟ್ರಾಮ್ ನಿಂತರೆ ನಿಮ್ಮ ಕೆಲಸ ಏನಾಗುತ್ತದೆ ಅಂತ ನಾನು ಕೇಳಿದೆ. ಬಸ್ಸಿಗೆ ಹಾಕುತ್ತಾರೆ, ಇಲ್ಲದಿದ್ದರೆ ಡಿಪೋದಲ್ಲಿ ಕೂರಿಸುತ್ತಾರೆ, ನನಗೆ ಉಳಿದಿರುವ ಸರ್ವೀಸೂ ಕಡಿಮೆ ಅಂದರು. ಬೇಜಾರಿನಿಂದ ಹೇಳಿದರಾ, ನೆಮ್ಮದಿಯಿಂದ ಹೇಳಿದರಾ ಗೊತ್ತಾಗಲಿಲ್ಲ.

ಇಳಿದ ಮೇಲೆ ಮಾವ ಟಿಕೆಟನ್ನು ಜೋಪಾನವಾಗಿ ಪರ್ಸಿನಲ್ಲಿ ಇಟ್ಟುಕೊಂಡು ಅಂದರು: "ಈ ದುಡ್ಡಲ್ಲಿ ಆ ಯಪ್ಪನ ಸಂಬಳನೂ ಹುಟ್ಟಲ್ಲ ಕಣಪ್ಪ. ಕರೆಂಟು, ಹಳಿ, ರಿಪೇರಿ ಆಮೇಲಿನ ಮಾತು. ಬಾಕಿದ್ದನ್ನ ಸರ್ಕಾರ ಕೈಯಿಂದ ಹಾಕ್ತೈತೆ. ಸರ್ಕಾರ ಅಂದ್ರೆ ಯಾರು? ಈ ಹಣ್ಣು ಮಾರೋನೇ."

"ಅದು ತಪ್ಪಾ ಮಾವ?" ಅಂದೆ.

"ನಾನು ತಪ್ಪು ಅಂದ್ನಾ? ಅಂಗೇ ಇರಬೇಕು. ಆದ್ರೆ ಅಗ್ಗ ಅಂತ ನಗಾಡಬಾರದು."

ನನಗೂ ಹಾಗೇ ಅನ್ನಿಸುತ್ತದೆ. ಮೆಟ್ರೋ ವಿಷಯವನ್ನೇ ತಗೊಳ್ಳಿ. ದೇಶದ ಮೊದಲ ಮೆಟ್ರೋ ಕೋಲ್ಕತ್ತಾದ್ದು. 1984ರ ಅಕ್ಟೋಬರ್‌ನಲ್ಲಿ ಎಸ್ಪ್ಲನೇಡ್‌ನಿಂದ ಭವಾನಿಪುರದವರೆಗೆ ಮೂರೂವರೆ ಕಿಲೋಮೀಟರ್‌ಗೂ ಕಡಿಮೆ ದೂರ ಓಡಿತು. 2024ರ ಮಾರ್ಚ್‌ನಲ್ಲಿ ಹೂಗ್ಲಿಯ ಕೆಳಗೆ ಸುರಂಗದಲ್ಲಿ ರೈಲು ಬಿಟ್ಟರು. ಹೊಳೆ ಅಡಿಯ ಭಾಗ 520 ಮೀಟರ್, ಮುಕ್ಕಾಲು ನಿಮಿಷದಲ್ಲಿ ದಾಟಿಬಿಡುತ್ತದೆ. ನೀರಿನ ಕೆಳಗೆ ಇದ್ದೀವಿ ಅಂತ ಗೊತ್ತಾಗಲಿ ಅಂತ ಗೋಡೆಗೆ ನೀಲಿ ಲೈಟು ಹಾಕಿದ್ದಾರೆ. ಮಕ್ಕಳು ಮೀನು ಕಾಣುತ್ತವಾ ಅಂತ ಕಿಟಕಿಗೆ ಮೂಗು ಒತ್ತಿಕೊಂಡಿರುತ್ತಾರೆ. ಇಷ್ಟೆಲ್ಲಕ್ಕೆ ಹತ್ತು ರೂಪಾಯಿ. ಅದೇ ನಮ್ಮ ಬೆಂಗಳೂರಿನಲ್ಲಿ 2025ರ ಫೆಬ್ರುವರಿಯಲ್ಲಿ ದರ ಏರಿಸಿ ಗರಿಷ್ಠ ಟಿಕೆಟ್ 60 ರೂಪಾಯಿ ಇದ್ದಿದ್ದನ್ನು 90 ಮಾಡಿದರು. ಅವತ್ತು ನಾವೆಲ್ಲ ಎಷ್ಟು ಕೂಗಾಡಿದೆವು! ಹೆಂಗಸರಿಗೆ ಬಸ್ ಫ್ರೀ ಮಾಡಿದಾಗ ಬಿಟ್ಟಿ ಭಾಗ್ಯ ಅಂತ ಕುಹಕ ಆಡಿದವರೇ ಕೋಲ್ಕತ್ತಾ ಫೆರಿಯಲ್ಲಿ ನಿಂತು "ಎಷ್ಟು ಚೀಪ್ ನೋಡ್ರೋ" ಅಂತ ವಿಡಿಯೋ ಹಾಕುತ್ತಾರೆ. ಊರಿನ ಜನ ಎಲ್ಲರೂ ಸೇರಿ ಹೊತ್ತುಕೊಂಡ ಅಗ್ಗ ಇದು. ಹೊರಗಿನಿಂದ ಬಂದ ನಾವೂ ಅದರ ನೆರಳಿನಲ್ಲಿ ನಾಲ್ಕು ಹೆಜ್ಜೆ ನಡೆದೆವು. ಇದಕ್ಕೆ ನನಗೆ ಸಂಕೋಚ ಇಲ್ಲ. ಅವರು ಬೆಂಗಳೂರಿಗೆ ಬಂದಾಗ ನಾವೂ ಹೀಗೇ ಇರಬೇಕಿತ್ತು ಅನ್ನಿಸುತ್ತದೆ, ಅಷ್ಟೇ.

ಖಾಸಗಿ ಬಸ್ಸಿನ ಕಥೆ ಬೇರೆ. ಅಲ್ಲೂ ಟಿಕೆಟ್ ಅಗ್ಗವೇ. ಆದರೆ ಡ್ರೈವರ್, ಕಂಡಕ್ಟರ್‌ಗೆ ಸಂಬಳ ಅಂತ ಇಲ್ಲ, ಹರಿದ ಟಿಕೆಟ್ ಮೇಲೆ ಕಮಿಷನ್. ಅದಕ್ಕೇ ಎರಡು ಬಸ್ಸು ಒಂದರ ಹಿಂದೆ ಒಂದು ಜಿದ್ದಿಗೆ ಬಿದ್ದು ಓಡುತ್ತವೆ. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ಬಸ್ಸಿನ ಮೈಯನ್ನು ಬಡಿಯುತ್ತಾ ಊರಿನ ಹೆಸರೆಲ್ಲ ಒಂದೇ ಉಸಿರಿಗೆ ಕೂಗುತ್ತಾನೆ. ನಾನು ಅದನ್ನು ನೋಡಿ ನಗುತ್ತಿದ್ದೆ. ಮಾವ ನಗಲಿಲ್ಲ. "ಹೊಟ್ಟೆಪಾಡು ಕಣೋ, ಅಂಗೆ ಕೂಗಿಸ್ತೈತೆ" ಅಂದರು.

ಬ್ಯಾಗಿಗೆ ರಿಕ್ಷಾ, ನಮಗೆ ಕಾಲು

ನಾವು ಇಳಿದುಕೊಂಡಿದ್ದು ನ್ಯೂ ಮಾರ್ಕೆಟ್ ಹಿಂದಿನ ಗಲ್ಲಿಯ ಒಂದು ಲಾಡ್ಜಿನಲ್ಲಿ. ಆ ಗಲ್ಲಿಗಳಲ್ಲಿ ಕೈಯಲ್ಲಿ ಎಳೆಯುವ ರಿಕ್ಷಾ ಇನ್ನೂ ಇವೆ. ಎರಡು ದೊಡ್ಡ ಮರದ ಚಕ್ರ, ಎತ್ತರದ ಸೀಟು, ಮುಂದೆ ಎರಡು ಉದ್ದ ಮರದ ಹಿಡಿ. ಎಳೆಯುವವನ ಬೆರಳಿಗೆ ಸಣ್ಣದೊಂದು ಗಂಟೆ. ಅದನ್ನು ಹಿಡಿಗೆ ಕುಟ್ಟಿ ಸದ್ದು ಮಾಡುತ್ತಾನೆ. ಹೆಚ್ಚಿನವರು ಬಿಹಾರದಿಂದ ಬಂದವರು. 2006ರಲ್ಲಿ ವಿಧಾನಸಭೆಯಲ್ಲಿ ಇದನ್ನು ನಿಲ್ಲಿಸುವ ಮಸೂದೆ ಪಾಸಾಯಿತು, ಅದು ಕೋರ್ಟಿನಲ್ಲಿ ನಿಂತಿತು. ಹೊಸ ಲೈಸೆನ್ಸ್ ಕೊಡುವುದಿಲ್ಲ, ಇರುವವರನ್ನು ತೆಗೆಯುವುದೂ ಇಲ್ಲ. ಮಹಾರಾಷ್ಟ್ರದ ಮಾಥೇರಾನ್ ಬೆಟ್ಟದಲ್ಲಿ ಇಂಥದ್ದೇ ರಿಕ್ಷಾಗಳನ್ನು ಆರು ತಿಂಗಳೊಳಗೆ ನಿಲ್ಲಿಸಿ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮನುಷ್ಯನನ್ನು ಮನುಷ್ಯ ಎಳೆಯುವುದು ಸರಿಯಲ್ಲ ಅನ್ನುವುದರಲ್ಲಿ ಯಾರಿಗೂ ಎರಡು ಮಾತಿಲ್ಲ. ಆದರೆ ಎಳೆಯುವವನು ನಾಳೆ ಏನು ಮಾಡಬೇಕು ಅನ್ನುವಲ್ಲಿಗೆ ಬಂದರೆ ಎಲ್ಲರ ಬಾಯೂ ಕಟ್ಟುತ್ತದೆ.

ಲಾಡ್ಜ್ ಬದಲಾಯಿಸಬೇಕಾದ ದಿನ ನಮ್ಮ ಹತ್ತಿರ ಎರಡು ಭಾರದ ಬ್ಯಾಗು. ಮಾವನ ಮಂಡಿ ನೋವು ಬೇರೆ. ಗಲ್ಲಿಯೊಳಗೆ ಕಾರು ಬರುವುದಿಲ್ಲ. ಬಾಗಿಲಲ್ಲೇ ರಿಕ್ಷಾದವರೊಬ್ಬರು ಗಂಟೆ ಕುಟ್ಟಿದರು. ಮಾವನಷ್ಟೇ ವಯಸ್ಸು ಇರಬೇಕು, ಕಾಲು ಮಾತ್ರ ಕಬ್ಬಿಣ. ನಾನು ಬೇಡ ಅಂದೆ. ಅವರು ನೂರು ರೂಪಾಯಿ ಅಂದರು. ಬೇಡ ಅಂದೆ. ಎಂಬತ್ತು ಅಂದರು. ನಾವು ನಡೆಯತೊಡಗಿದರೆ ಅವರೂ ಪಕ್ಕದಲ್ಲೇ ಬಂದರು. ಅರವತ್ತು. ನನಗೆ ದುಡ್ಡಿನ ತಕರಾರು ಇರಲಿಲ್ಲ. ಅವರ ಬೆನ್ನು ನೋಡುತ್ತಾ ಮೇಲೆ ಕೂರಲು ಆಗುವುದಿಲ್ಲ ಅನ್ನುವುದನ್ನು ಹೇಗೆ ಹೇಳುವುದು? ನನ್ನ ಮೌನವನ್ನು ಅವರು ಚೌಕಾಸಿ ಅಂದುಕೊಂಡು ಇಳಿಸುತ್ತಲೇ ಹೋದರು. ಅವರು ಇಳಿಸಿದಷ್ಟೂ ನನ್ನ ಮುಜುಗರ ಏರಿತು. ಕೊನೆಗೆ ಅವರೇ ನಿಂತು ಹಿಂದಿಯಲ್ಲಿ ಕೇಳಿದರು: "ಬಾಬು, ನೀವು ಹತ್ತಲ್ಲ, ಅವರೂ ಹತ್ತಲ್ಲ. ಹಾಗಾದರೆ ನಾನು ತಿನ್ನೋದು ಏನು?"

ಮಾವ ಒಂದು ನಿಮಿಷ ಯೋಚನೆ ಮಾಡಿದರು. ಆಮೇಲೆ ಎರಡೂ ಬ್ಯಾಗನ್ನು ಎತ್ತಿ ರಿಕ್ಷಾ ಸೀಟಿನ ಮೇಲೆ ಕೂರಿಸಿದರು. "ಸೌ ರೂಪಯಾ. ಚಲೋ" ಅಂದರು. ಬ್ಯಾಗುಗಳು ರಾಜರ ಹಾಗೆ ಮೇಲೆ ಕೂತು ಹೊರಟವು. ಪಕ್ಕದಲ್ಲಿ ಮಾವ, ಹಿಂದೆ ನಾನು. ಗಲ್ಲಿಯ ಬಿರಿಯಾನಿ ಅಂಗಡಿಯವರು ನೋಡಿ ನಕ್ಕರು. ರಿಕ್ಷಾದವರಿಗೂ ನಗು. ದಾರಿಯುದ್ದಕ್ಕೂ ಅವರಿಬ್ಬರೂ ಮಂಡಿ ನೋವಿಗೆ ಯಾವ ಎಣ್ಣೆ ಒಳ್ಳೆಯದು ಅಂತ ಮಾತಾಡಿಕೊಂಡರು. ರಿಕ್ಷಾದ ಮಾಲೀಕ ಬೇರೆ ಇದ್ದಾನೆ, ದಿನಕ್ಕೆ ಇಷ್ಟು ಅಂತ ಬಾಡಿಗೆ ಕೊಡಬೇಕು, ಮಲಗೋದೂ ಆ ರಿಕ್ಷಾಗಳನ್ನು ನಿಲ್ಲಿಸುವ ಜಾಗದಲ್ಲೇ ಅಂತ ಗೊತ್ತಾಯಿತು. ಊರಿಗೆ ಹೋಗುವುದು ಬಿತ್ತನೆ, ಕೊಯ್ಲಿಗೆ ಮಾತ್ರ.

ಇದರಿಂದ ಏನೋ ದೊಡ್ಡ ಸಮಸ್ಯೆ ಬಗೆಹರಿಯಿತು ಅಂತ ನಾನು ಹೇಳುತ್ತಿಲ್ಲ. ಬ್ಯಾಗಿನ ಭಾರವನ್ನೂ ಅವರೇ ಎಳೆದರು ಅಲ್ವಾ? ಆದರೆ ಒಂದು ವಿಷಯ ನನಗೆ ಅವತ್ತು ಸ್ಪಷ್ಟವಾಯಿತು. ಟ್ರಾಮಿನ ಅಗ್ಗ ಬೇರೆ, ಈ ಅಗ್ಗ ಬೇರೆ. ಅಲ್ಲಿ ಕಡಿಮೆ ಬಿದ್ದಿದ್ದನ್ನು ಊರೇ ತುಂಬಿಕೊಡುತ್ತದೆ. ಇಲ್ಲಿ ಕಡಿಮೆ ಬಿದ್ದಿದ್ದು ಒಬ್ಬ ಮನುಷ್ಯನ ರಾತ್ರಿ ಊಟದಲ್ಲಿ ಕಡಿಮೆ ಬೀಳುತ್ತದೆ. ನನ್ನ ಆಫೀಸಿನ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ ಪಟ್ಟಿಯಲ್ಲಿ ಬಂದುಬಿಟ್ಟಿದ್ದವು.

(ಕಾಫಿ ಹೌಸ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಾಲೇಜ್ ಸ್ಟ್ರೀಟ್‌ನ ಹಳೇ ಆಲ್ಬರ್ಟ್ ಹಾಲ್‌ನಲ್ಲಿ ಇರುವ ಇಂಡಿಯನ್ ಕಾಫಿ ಹೌಸ್‌ಗೆ ಎಲ್ಲರೂ ಹೋಗುತ್ತಾರೆ, ನಾವೂ ಹೋದೆವು. ಎತ್ತರದ ಛಾವಣಿ, ಗಿರಗಿರ ಫ್ಯಾನು, ತಲೆಗೆ ಪಗಡಿ ಸುತ್ತಿದ ಸಪ್ಲೈಯರುಗಳು, ಕಿವಿ ತುಂಬ ಗಲಾಟೆ. ಕಪ್ಪು ಕಾಫಿಗೆ ಅಲ್ಲಿ ಇನ್‌ಫ್ಯೂಷನ್ ಅನ್ನುತ್ತಾರೆ. ಚಿಕ್ಕಮಗಳೂರು, ಕೊಡಗಿನ ಕಾಫಿ ಕುಡಿದು ಬೆಳೆದ ನಾಲಿಗೆಗೆ ಅದು ಸಪ್ಪೆ. ಆದರೆ ಆ ಜಾಗಕ್ಕೂ ನಮಗೂ ನಂಟಿದೆ. ಕಾಫಿ ಹೌಸ್‌ಗಳನ್ನು ನಡೆಸುತ್ತಿದ್ದುದು ಕಾಫಿ ಬೋರ್ಡು. 1950ರ ದಶಕದಲ್ಲಿ ಬೋರ್ಡು ಅವನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ವಹಿಸಿಕೊಂಡರು. ಕೇರಳದ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಮುಂದೆ ನಿಂತಿದ್ದರು. ಮೊದಲ ಸಂಘ ಆಗಿದ್ದು ಬೆಂಗಳೂರಿನಲ್ಲಿ, 1957ರಲ್ಲಿ. ಒಂದು ಕಪ್ಪಿಗೆ ಗಂಟೆಗಟ್ಟಲೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಆ ಸಪ್ಪೆ ಕಾಫಿಯನ್ನು ನಾನು ಇನ್ನೊಂದು ಸಲ ತರಿಸಿ ಕುಡಿದೆ.)

ಮೈಸೂರಿನವರು ಇಲ್ಲಿ

ಮಾವ ಈ ಪ್ರವಾಸಕ್ಕೆ ಒಪ್ಪಿದ್ದೇ ಒಂದು ಷರತ್ತಿನ ಮೇಲೆ. "ನಮ್ಮ ದೊರೆ ತೀರಿಕೊಂಡ ಜಾಗ ತೋರಿಸ್ಬೇಕು." ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್ 28ರಂದು ಕಲ್ಕತ್ತಾದಲ್ಲಿ ಡಿಫ್ತೀರಿಯಾದಿಂದ ತೀರಿಕೊಂಡರು. ವಯಸ್ಸು 31. ಮಗನಿಗೆ ಆಗ ಹತ್ತು ವರ್ಷ. ಆ ಹುಡುಗನೇ ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ್. ಅವರು ದೊಡ್ಡವರಾಗುವ ತನಕ ತಾಯಿ ಕೆಂಪನಂಜಮ್ಮಣ್ಣಿಯವರು ರಾಜ್ಯ ನೋಡಿಕೊಂಡರು. ಕನ್ನಂಬಾಡಿ ಕಟ್ಟೆ ನೀರು ಕುಡಿದು ಬೆಳೆದ ಮಂಡ್ಯದ ಕಡೆಯವರಿಗೆ ಇದು ಪಠ್ಯಪುಸ್ತಕದ ವಿಷಯ ಅಲ್ಲ, ಮನೆಯ ವಿಷಯ.

ಕಾಳಿಘಾಟ್ ಮೆಟ್ರೋದಲ್ಲಿ ಇಳಿದು ಕೇವಡಾತಲಾ ಸ್ಮಶಾನದ ಕಡೆ ನಡೆಯಬೇಕು. ಪಕ್ಕದಲ್ಲಿ ಕಪ್ಪಗೆ ಹರಿಯುವ ಆದಿಗಂಗಾ. ಒಂದು ಕಾಲದಲ್ಲಿ ಗಂಗೆಯ ದಾರಿ ಅದೇ ಆಗಿತ್ತು ಅನ್ನುತ್ತಾರೆ, ಈಗ ಕಾಲುವೆ. ಚಿತ್ತರಂಜನ ದಾಸರಿಗೆ ಕೊನೆಯ ಸಂಸ್ಕಾರ ಆಗಿದ್ದೂ, ಸತ್ಯಜಿತ್ ರಾಯ್ ಅವರಿಗೆ ಆಗಿದ್ದೂ ಇಲ್ಲೇ. ಆ ಸ್ಮಶಾನದ ಪಕ್ಕದಲ್ಲಿ, ಬಂಗಾಳಿ ಮನೆಗಳ ನಡುವೆ, ಇದ್ದಕ್ಕಿದ್ದಂತೆ ನಮ್ಮ ಕಡೆಯ ಗೋಪುರ! ಮಹಾರಾಜರ ನೆನಪಿಗೆ ಕಟ್ಟಿಸಿದ ಗುಡಿ, ಸುತ್ತ ತೋಟ. ಸುತ್ತಲಿನವರಿಗೆ ಅದು ಮೈಸೂರು ಗಾರ್ಡನ್. ಯಾವ ರಾಜ, ಯಾಕೆ ಬಂದ ಅಂತ ಕೇಳಿದರೆ ಅಲ್ಲಿ ಕೂತಿದ್ದ ಅಜ್ಜನಿಗೂ ಸರಿಯಾಗಿ ಗೊತ್ತಿರಲಿಲ್ಲ. ಹುಡುಗರು ಗೋಡೆ ಪಕ್ಕ ಕ್ರಿಕೆಟ್ ಆಡುತ್ತಿದ್ದರು. ಟಿಕೆಟ್ ಇಲ್ಲ, ಗೈಡ್ ಇಲ್ಲ, ಯಾವ ಟೂರ್ ಪಟ್ಟಿಯಲ್ಲೂ ಈ ಹೆಸರು ನನಗೆ ಕಂಡಿಲ್ಲ.

ಮಾವ ಚಪ್ಪಲಿ ಬಿಟ್ಟು ಕೈ ಮುಗಿದರು. ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ "ಪಾಪ, ಎಷ್ಟು ದೂರ ಬಂದು ಹೋದ್ರಪ್ಪ" ಅಂದರು. ಅಳು ಇರಲಿಲ್ಲ, ಮನೆಯ ಹಿರಿಯರ ಬಗ್ಗೆ ಹೇಳುವ ದನಿ.

ವಿಚಿತ್ರ ನೋಡಿ, ಒಡೆಯರ್ ಮನೆತನಕ್ಕೂ ಮುಂಚೆ ಇನ್ನೊಬ್ಬ ಮೈಸೂರಿನವರು ಈ ಊರಿಗೆ ಬಂದಿದ್ದರು, ತಮ್ಮ ಇಷ್ಟದಿಂದ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ವೆಲ್ಲೂರು ಕೋಟೆಯಲ್ಲಿ ಇಟ್ಟರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದರು. ಮತ್ತೆ ಇವರ ಹೆಸರಲ್ಲಿ ಗಲಾಟೆ ಆಗಬಾರದು ಅಂತ ಇಡೀ ಮನೆತನವನ್ನು ಕಲ್ಕತ್ತಾಗೆ ಸಾಗಿಸಿ ಟಾಲಿಗಂಜ್ ಕಡೆ ಇರಿಸಿದರು. ಎಸ್ಪ್ಲನೇಡ್‌ನ ಗಿಜಿಗಿಜಿ ಮೂಲೆಯಲ್ಲಿ, ಟ್ರಾಮ್ ಇಳಿದ ಕೂಡಲೇ ಕಾಣುವ ಮಸೀದಿಗೆ ಟಿಪ್ಪು ಸುಲ್ತಾನ್ ಮಸೀದಿ ಅನ್ನುತ್ತಾರೆ. ಟಿಪ್ಪು ಕಟ್ಟಿಸಿದ್ದು ಅಂದುಕೊಂಡು ಫೋಟೋ ತೆಗೆಯುವವರೇ ಜಾಸ್ತಿ. ಅದನ್ನು ಕಟ್ಟಿಸಿದ್ದು ಕಿರಿಯ ಮಗ ಗುಲಾಮ್ ಮೊಹಮ್ಮದ್, 1842ರಲ್ಲಿ. ಊರಿನ ದಕ್ಷಿಣಕ್ಕೆ ಹೋದರೆ ಪ್ರಿನ್ಸ್ ಅನ್ವರ್ ಶಾ ರೋಡ್ ಸಿಗುತ್ತದೆ. ಅದೂ ಇದೇ ಮನೆತನದ ಹೆಸರು, ಈಗ ಅಲ್ಲಿ ದೊಡ್ಡ ಮಾಲ್ ಇದೆ. ಟಿಪ್ಪು ಮತ್ತು ಒಡೆಯರ್ ಅಂದರೆ ನಮ್ಮಲ್ಲಿ ಈಗ ಟಿವಿ ಜಗಳ. ಇಲ್ಲಿ ಇಬ್ಬರ ಕಡೆಯವರಿಗೂ ಒಂದೇ ಮೆಟ್ರೋ ಲೈನು.

ಯಾರೂ ದುಡ್ಡು ಕೇಳದ ಈ ಎರಡು ಜಾಗ ನೋಡಲು ನಮಗೆ ಆಗಿದ್ದು ಮೆಟ್ರೋ ಚಾರ್ಜು ಮಾತ್ರ. ಮರುದಿನ ವಿಕ್ಟೋರಿಯಾ ಮೆಮೋರಿಯಲ್‌ಗೆ ಟಿಕೆಟ್ ತಗೊಂಡು ಹೋದೆವು. ಅದೂ ಚೆನ್ನಾಗಿದೆ, ಬಿಳಿ ಮಕ್ರಾನಾ ಕಲ್ಲು, ದೊಡ್ಡ ಕೊಳ, ಹುಲ್ಲುಹಾಸು. ಒಂದು ಕೋಟಿ ಐದು ಲಕ್ಷ ರೂಪಾಯಿ ಖರ್ಚಾಯಿತಂತೆ. ಆಗಿನ ವೈಸ್‌ರಾಯ್ ಕರ್ಜನ್ ಹೊಳಹು, ದುಡ್ಡು ಮಾತ್ರ ಇಲ್ಲಿನ ರಾಜರದ್ದು, ಜನರದ್ದು. 1921ರಲ್ಲಿ ತೆರೆಯುವ ಹೊತ್ತಿಗೆ ರಾಜಧಾನಿಯೇ ದಿಲ್ಲಿಗೆ ಹೋಗಿಯಾಗಿತ್ತು. ಮಾವ ಒಂದು ಸುತ್ತು ಹಾಕಿ, ಮರದ ಕೆಳಗಿನ ಬೆಂಚಿನಲ್ಲಿ ಟವೆಲ್ ಹಾಸಿಕೊಂಡು ನಿದ್ದೆ ಹೋದರು.

ಎಲೆಗೂ ದುಡ್ಡು

ಕೇವಡಾತಲಾದಿಂದ ವಾಪಸ್ ಬರುವಾಗ ರಾಸ್‌ಬಿಹಾರಿ ಕಡೆ ಒಂದು ಪೈಸ್ ಹೋಟೆಲ್‌ಗೆ ಹೋದೆವು. ಪೈಸೆ ಲೆಕ್ಕದಲ್ಲಿ ಊಟ ಹಾಕುತ್ತಿದ್ದ ಕಾಲದಿಂದ ಬಂದ ಹೆಸರು. ಊರಿನಿಂದ ಬಂದು ಮೆಸ್ಸುಗಳಲ್ಲಿ ಇದ್ದ ಗುಮಾಸ್ತರು, ವಿದ್ಯಾರ್ಥಿಗಳಿಗಾಗಿ ಹುಟ್ಟಿಕೊಂಡ ಹೋಟೆಲುಗಳು ಇವು. ಬಾಗಿಲಲ್ಲಿ ಕಪ್ಪು ಹಲಗೆ, ಅದರ ಮೇಲೆ ಅವತ್ತಿನ ಪದಾರ್ಥ, ಅವತ್ತಿನ ರೇಟು. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಯಾವ ಮೀನು ಸಿಕ್ಕಿತೋ ಅದು. ಬಾಳೆ ಎಲೆ ಹಾಕಿದರು. ನಮ್ಮ ಊಟದ ಹಾಗೆ ಎಲ್ಲ ಒಟ್ಟಿಗೆ ಸುರಿಯುವುದಿಲ್ಲ. ಅನ್ನಕ್ಕೆ ಇಷ್ಟು, ಬೇಳೆಗೆ ಇಷ್ಟು, ಬದನೆಕಾಯಿ ಹುರಿದಿದ್ದಕ್ಕೆ ಇಷ್ಟು, ಗಸಗಸೆ ಹಾಕಿದ ಆಲೂಗಡ್ಡೆಗೆ ಇಷ್ಟು. ಕೊನೆಗೆ ಸಪ್ಲೈಯರ್ ಎಲ್ಲವನ್ನೂ ಬಾಯಲ್ಲೇ ಕೂಡಿಸಿ ಗಲ್ಲಾದವರಿಗೆ ಕೂಗಿ ಹೇಳಿದರು. ಬಿಲ್ಲಿನಲ್ಲಿ ಬಾಳೆ ಎಲೆಗೂ ಬೇರೆ ದುಡ್ಡು, ನಿಂಬೆ ಹೋಳಿಗೂ ಬೇರೆ.

ಮಾವನಿಗೆ ಮೊದಲು ಸಿಟ್ಟು ಬಂತು. "ಎಲೆಗೆ ಕಾಸು ಈಸ್ಕೊಳೋದು ಯಾವ ನ್ಯಾಯ?" ನಮ್ಮ ಕಡೆ ಎಲೆಗೆ ದುಡ್ಡು ಕೇಳಿದರೆ ಜಗಳವೇ ಆಗುತ್ತದೆ. ಆಮೇಲೆ ಪಕ್ಕದ ಟೇಬಲ್ ನೋಡಿದರು. ಒಬ್ಬ ಮುದುಕರು ಬರೀ ಅನ್ನ, ಬೇಳೆ, ಒಂದು ಪಲ್ಯ ಹಾಕಿಸಿಕೊಂಡು ನಿಧಾನಕ್ಕೆ ಉಂಡು, ಚಿಲ್ಲರೆ ಎಣಿಸಿ ಕೊಟ್ಟು ಎದ್ದರು. ಅವರ ಎದುರಿಗೆ ಕೂತವರು ದೊಡ್ಡ ಸಿಗಡಿ, ಎರಡು ಬಗೆ ಮೀನು ತಿಂದರು. ಇಬ್ಬರಿಗೂ ಒಂದೇ ಬೆಂಚು, ಒಂದೇ ಎಲೆ, ಒಂದೇ ಮರ್ಯಾದೆ. ಮುದುಕರು ಸಿಗಡಿಯವರ ಖರ್ಚನ್ನು ಹಂಚಿಕೊಳ್ಳುವ ಹಾಗಿಲ್ಲ. ಫುಲ್ ಮೀಲ್ಸ್ ಅಂತ ಇಟ್ಟಿದ್ದರೆ ಅವರು ತಿನ್ನದ ಹಪ್ಪಳ, ಪಾಯಸಕ್ಕೂ ದುಡ್ಡು ಕೊಡಬೇಕಿತ್ತು. ಎಷ್ಟು ಹಸಿವೋ ಅಷ್ಟು ದುಡ್ಡು. "ಇದು ಸರಿಯಾಗಿ ಸ್ಟೇಜ್ ಮಾಡಿದಂಗೈತೆ" ಅಂದರು ಮಾವ. "ಹತ್ತಿದ ಕಡೆಯಿಂದ ಇಳಿಯೋ ಕಡೆಗೆ." ಕಂಡಕ್ಟರ್ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಸಪ್ಲೈಯರ್‌ಗೆ ಟಿಪ್ಸ್ ಎಷ್ಟು ಇಡಬೇಕು ಅಂತ ನನ್ನನ್ನು ಕೇಳಿದರು, ನಾನು ಹೇಳಿದ್ದರ ಎರಡರಷ್ಟು ಇಟ್ಟರು.

ವಾಪಸ್

ಹೌರಾದಿಂದ ಬೆಂಗಳೂರಿಗೆ ಬರುವ ರೈಲಿನಲ್ಲಿ ಪ್ರವಾಸ ಮುಗಿಸಿ ಬರುವವರು ಕಡಿಮೆ. ವೈಟ್‌ಫೀಲ್ಡ್, ಬೊಮ್ಮಸಂದ್ರದ ಆಸ್ಪತ್ರೆಗಳಿಗೆ ಫೈಲು, ಎಕ್ಸ್‌ರೇ ಹಿಡಿದುಕೊಂಡು ಬರುವ ಕುಟುಂಬಗಳು ಇರುತ್ತವೆ. ಉಳಿದವರು ಹುಡುಗರು. ಬಂಗಾಳದ ಮಾಲ್ದಾ, ಮುರ್ಶಿದಾಬಾದ್ ಕಡೆಯವರು. ಬಾರ್ ಬೆಂಡಿಂಗ್, ಟೈಲ್ಸ್, ಸೆಕ್ಯುರಿಟಿ, ಹೋಟೆಲ್ ಕಿಚನ್. ನಮ್ಮ ಎದುರು ಸೀಟಿನಲ್ಲಿ ಒಬ್ಬ ಇದ್ದ, ಇಪ್ಪತ್ತರ ಆಸುಪಾಸು. ಅಪಾರ್ಟ್‌ಮೆಂಟ್ ಸೈಟಿನಲ್ಲಿ ಟೈಲ್ಸ್ ಕೆಲಸ. ಚೀಲದಿಂದ ಮುಡಿ, ಅಂದರೆ ಮಂಡಕ್ಕಿ ತೆಗೆದು, ಹಸಿಮೆಣಸಿನಕಾಯಿ, ಸಾಸಿವೆ ಎಣ್ಣೆ ಕಲಸಿ ನಮಗೂ ಕೊಟ್ಟ. ಮಾವ ಬಾಯಿ ಉರಿದುಕೊಂಡೇ ತಿಂದರು. ಅವನ ಹಿಂದಿ ನನಗಿಂತ ಚೆನ್ನಾಗಿತ್ತು. ಕನ್ನಡವೂ ಬರುತ್ತಿತ್ತು, ಸೈಟಿನ ಕನ್ನಡ: ಮೇಲೆ, ಕೆಳಗೆ, ಬೇಗ, ನಾಳೆ ಬನ್ನಿ.

ಬೆಂಗಳೂರಿನಲ್ಲಿ ಎಲ್ಲ ದುಬಾರಿ ಅಲ್ವಾ, ನೀನು ಹೇಗೆ ಇರುತ್ತೀಯ ಅಂತ ಕೇಳಿದೆ. ಅವನಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ದುಬಾರಿ ಇರೋದಕ್ಕೇ ಅಲ್ಲವೇ ಅಲ್ಲಿಗೆ ಬರೋದು ಅಂದ. ಅಲ್ಲಿ ಕೂಲಿ ಜಾಸ್ತಿ. ಶೀಟ್ ಮನೆಯಲ್ಲಿ ಆರು ಜನ ಇರುತ್ತಾರೆ, ಅಡುಗೆ ತಾವೇ ಮಾಡಿಕೊಳ್ಳುತ್ತಾರೆ, ಉಳಿದಿದ್ದು ಊರಿಗೆ. ಕೋಲ್ಕತ್ತಾದಲ್ಲಿ ಏನೇನು ನೋಡಿದ್ದೀಯ ಅಂದರೆ ಹೌರಾ ಸ್ಟೇಷನ್ ಬಿಟ್ಟು ಏನೂ ನೋಡಿಲ್ಲ ಅಂದ. ಊರಿಂದ ಸೀದಾ ಬಂದು ರೈಲು ಬದಲಾಯಿಸುವುದು, ಅಷ್ಟೇ. ನಾನು ಫೋನಿನಲ್ಲಿ ಟ್ರಾಮ್ ಫೋಟೋ ತೋರಿಸಿದೆ. ಕುತೂಹಲದಿಂದ ನೋಡಿದ. ಟಿಕೆಟ್ ಎಷ್ಟು ಅಂತ ಅವನೂ ಕೇಳಿದ. ಹೇಳಿದೆ. "ಇಷ್ಟು ನಿಧಾನಕ್ಕೆ ಹೋಗೋದಕ್ಕೆ ಯಾಕೆ ದುಡ್ಡು ಕೊಡಬೇಕು?" ಅಂದ. ಮಾವ ಗಹಗಹಿಸಿ ನಕ್ಕರು.

ನಾನು ಇರುವ ಅಪಾರ್ಟ್‌ಮೆಂಟಿನ ಬಾತ್‌ರೂಮ್ ಟೈಲ್ಸ್ ನೆನಪಾಯಿತು. ಅದನ್ನು ಹಾಕುವಾಗ ಕಂಟ್ರಾಕ್ಟರ್ ಜೊತೆ ಚದರಡಿಗೆ ಎರಡು ರೂಪಾಯಿ ಇಳಿಸಿ ಅಂತ ಅರ್ಧ ದಿನ ವಾದ ಮಾಡಿದ್ದೆ. ಕಂಟ್ರಾಕ್ಟರ್ ಇಳಿಸಿದ. ಆ ಎರಡು ರೂಪಾಯಿಯನ್ನು ಅವನು ತನ್ನ ಜೇಬಿನಿಂದ ಇಳಿಸಿರಲಿಕ್ಕಿಲ್ಲ.

ಬೆಂಗಳೂರು ಹತ್ತಿರ ಬಂದಾಗ ಹುಡುಗ ಚೀಲ ಕಟ್ಟಿಕೊಂಡ. ಸೈಟು ಹೊಸಕೋಟೆ ಕಡೆ. ಎಸ್‌ಎಂವಿಟಿ ಸ್ಟೇಷನ್ನಿನ ಹೊರಗೆ ಆಟೋದವರು ಮುತ್ತಿಕೊಳ್ಳುತ್ತಾರೆ, ಹೋದ ಸಲ ನಾನೂರು ರೂಪಾಯಿ ಕಿತ್ತುಕೊಂಡರು ಅಂದ. ಮಾವ ಎದ್ದು ಕೂತರು. ಹುಡುಗನ ಫೋನು ಇಸಿದುಕೊಂಡು ಮ್ಯಾಪ್ ತೆಗೆಯಲು ನನ್ನ ಕೈಗೆ ಕೊಟ್ಟರು.

"ಆಟೋ ಹತ್ತಬೇಡ. ಟಿನ್ ಫ್ಯಾಕ್ಟರಿ ತನಕ ಹೆಂಗಾದ್ರೂ ಬಾ. ಅಲ್ಲಿಂದ 317 ನಂಬರಿನ ಬಸ್ಸು, ಹೊಸಕೋಟೆ ಬೋರ್ಡು ನೋಡಿ ಹತ್ತು. ಕಂಡಕ್ಟರ್‌ಗೆ ಚಿಲ್ಲರೆ ಕೊಡು, ಐನೂರರ ನೋಟು ಕೊಟ್ರೆ ಬೈತಾನೆ" ಅಂದರು. ನಾನು ಹಿಂದಿಗೆ ತಿರುಗಿಸಿ ಹೇಳಲು ಬಾಯಿ ತೆರೆದೆ.

"ಗೊತ್ತಾಯ್ತು ಅಂಕಲ್" ಅಂದ ಹುಡುಗ. "ಚಿಲ್ಲರೆ ಇದೆ."